ದೇವಸ್ವದ ಅಂಗಡಿ ಸಾಲು: ದುರಸ್ತಿಯೋ, ಪುನರ್ನಿರ್ಮಾಣವೋ?

(ಉತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಕಾಸರಗೋಡು ಸೀಮೆಯಲ್ಲಿ ದೇವಸ್ಥಾನಕ್ಕೆ ಸೇರಿದ ಅಂಗಡಿ ಕೋಣೆಗಳ ಸಾಲು ಅಪರೂಪದ ನೋಟವಲ್ಲ. ಒಂದರಲ್ಲಿ ಹೂವು ಹಣ್ಣುಕಾಯಿ, ಇನ್ನೊಂದರಲ್ಲಿ ದರ್ಜಿ, ಮತ್ತೊಂದರಲ್ಲಿ ಚಹಾದ ಹೋಟೆಲು. ಹಿಂದೆ ದೇವರ ನೈವೇದ್ಯಕ್ಕೆ ಗೇಣಿಯ ಅಕ್ಕಿ ಬರುತ್ತಿತ್ತು. 1970ರ ಜನವರಿ 1ರಂದು ಕೇರಳದ ಭೂಸುಧಾರಣೆ ಜಾರಿಯಾದ ಮೇಲೆ ಗೇಣಿ ಭೂಮಿ ಗೇಣಿದಾರರದಾಯಿತು. ಉಳುವವನ ಮನೆಗೆ ಬೆಳಕು ತಂದ ಕಾನೂನು ಅದು. ಅದರಿಂದ ಅನೇಕ ದೇವಸ್ಥಾನಗಳ ಉಗ್ರಾಣ ಬರಿದಾದುದೂ ನಿಜವೇ. ಇಂದು ಸಣ್ಣ ದೇವಸ್ಥಾನವೊಂದರ ನಂದಾದೀಪದ ಎಣ್ಣೆ, ಅರ್ಚಕರ ಸಂಬಳ, ವಿದ್ಯುತ್ ಬಿಲ್ಲು ಇವೆಲ್ಲ ಆ ಅಂಗಡಿ ಸಾಲಿನ ಬಾಡಿಗೆಯಿಂದಲೇ ನಡೆಯುತ್ತಿದ್ದರೆ ಆಶ್ಚರ್ಯವಿಲ್ಲ.

ಬ್ರಹ್ಮಕಲಶೋತ್ಸವ ಮುಗಿದು, ತಾಮ್ರದ ಹೊದಿಕೆಯ ಗರ್ಭಗುಡಿ ಹೊಳೆಯತೊಡಗಿದಾಗ, ಎದುರಿನ ಹಳೆಯ ಅಂಗಡಿ ಸಾಲು ಎಲ್ಲರ ಕಣ್ಣಿಗೆ ಚುಚ್ಚುತ್ತದೆ. “ಇದನ್ನು ಕೆಡವಿ ಮೂರು ಮಹಡಿಯ ವಾಣಿಜ್ಯ ಸಂಕೀರ್ಣ ಕಟ್ಟೋಣ” ಎಂದು ಸಭೆಯಲ್ಲಿ ಒಬ್ಬರು ಎದ್ದು ಹೇಳಿದರೆ ಕೈಚಪ್ಪಾಳೆ ಬೀಳುವುದು ಸಹಜ. ಅಲ್ಲಿಯವರೆಗೆ ಕಟ್ಟಡವನ್ನು ಏಣಿ ಹತ್ತಿ ನೋಡಿದವರು ಯಾರೂ ಇರುವುದಿಲ್ಲ.

ದೇವರ ಗುಡಿಯ ವಿಷಯದಲ್ಲಿ ಯಾರೂ ಹೀಗೆ ಮಾಡುವುದಿಲ್ಲವಷ್ಟೆ. ಜೀರ್ಣೋದ್ಧಾರವೆಂದರೆ ಮೊದಲು ಪ್ರಶ್ನಾಚಿಂತನೆ, ಬಳಿಕ ವಾಸ್ತು ತಜ್ಞರ ಪರಿಶೀಲನೆ, ಅನುಜ್ಞಾ ಕಲಶ, ಬಾಲಾಲಯದಲ್ಲಿ ಪ್ರತಿಷ್ಠೆ. ಆಮೇಲೆಯೇ ಹಳೆಯ ಕಲ್ಲಿಗೆ ಕೈ ಹಾಕುವುದು. ಇರುವ ದೇವರಿಗೆ ಪೂಜೆ ನಿಲ್ಲದಂತೆ ನೆಲೆ ಮಾಡಿದ ಮೇಲೆಯೇ ಕೆಡಹುವ ಮಾತು. ಅಂಗಡಿ ಸಾಲಿಗೂ ಈ ಕ್ರಮವೇ ತಕ್ಕುದು.

ಮೊದಲನೆಯದು ಪರೀಕ್ಷೆ. ಈ ಸೀಮೆಯ ಹಳೆಯ ಅಂಗಡಿಗಳು ಸಾಮಾನ್ಯವಾಗಿ ಎರಡು ಬಗೆಯವು. ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಪಕ್ಕಾಸು, ಮೇಲೆ ಮಂಗಳೂರು ಹಂಚು ಇರುವಂಥದು ಒಂದು. ಇದು ನೋಡಲು ಬಡಕಲಾದರೂ ಜೀವ ಗಟ್ಟಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಇಳಿಜಾರು ಮಾಡು ನೀರನ್ನು ನಿಲ್ಲಗೊಡುವುದಿಲ್ಲ. ಗೆದ್ದಲು ಹಿಡಿದ ಪಕ್ಕಾಸು ರೀಪುಗಳನ್ನು ಬದಲಿಸಬಹುದು, ಒಡೆದ ಹಂಚು ತೆಗೆಯಬಹುದು. ಗೋಡೆ ತೂಕ ತಪ್ಪದೆ, ಪಂಚಾಂಗ ಕುಸಿಯದೆ ಇದ್ದರೆ ಇಂಥ ಕಟ್ಟಡವನ್ನು ಕೆಡಹುವುದಕ್ಕೆ ಬಲವಾದ ಕಾರಣ ಬೇಕು. ಒಂದು ಎಚ್ಚರ ಮಾತ್ರ: ಕೆಂಪುಕಲ್ಲಿಗೆ ದಪ್ಪ ಸಿಮೆಂಟು ಸಾರಣೆ ಬಳಿದರೆ ಗೋಡೆಯೊಳಗಿನ ತೇವ ಹೊರಬರಲಾರದೆ ಕಲ್ಲೇ ಹುಡಿಯಾಗುತ್ತದೆ. ಸುಣ್ಣದ ಗೋಡೆಗೆ ಸುಣ್ಣದ ಸಾರಣೆಯೇ ಹಿತ.

ಎರಡನೆಯದು ಕೆಲವು ದಶಕಗಳ ಹಿಂದೆ ಕಟ್ಟಿದ ಕಾಂಕ್ರೀಟು ತಾರಸಿ. ಇದು ಹೊರಗೆ ಬಣ್ಣ ಬಳಿದುಕೊಂಡು ನಿಂತಿದ್ದರೂ ಒಳಗೆ ಜೀರ್ಣವಾಗಿರಬಹುದು. 1978ರ ಭಾರತೀಯ ಮಾನಕದಂತೆ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಎಂ-15 ದರ್ಜೆ ಸಾಕಾಗುತ್ತಿತ್ತು. 2000ದ ಪರಿಷ್ಕರಣೆಯಲ್ಲಿ ಕನಿಷ್ಠ ಎಂ-20 ಆಯಿತು, ಕಡಲ ಬದಿಗೆ ಇನ್ನೂ ಹೆಚ್ಚು. ಉಪ್ಪುಗಾಳಿ, ತಾರಸಿಯ ಸೋರಿಕೆ ಇವೆರಡೂ ಸೇರಿದಲ್ಲಿ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕೆಳಗಿನ ಪದರವನ್ನು ಉದುರಿಸುತ್ತದೆ. ಉದುರಿದಲ್ಲಿ ಸಿಮೆಂಟು ಮೆತ್ತುವುದು ಹುಣ್ಣಿನ ಮೇಲೆ ಗಂಧ ಬಳಿದಂತೆ. ಎಂಜಿನಿಯರರು ಸುತ್ತಿಗೆಯಂಥ ಉಪಕರಣದಿಂದ ಬಡಿದು ಗಟ್ಟಿತನ ಅಳೆಯುತ್ತಾರೆ; ಸಂಶಯವಿದ್ದಲ್ಲಿ ಕೊರೆದು ತುಂಡು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸತ್ವ ಕಳೆದುಕೊಂಡ ಭಾಗಕ್ಕೆ ಬಣ್ಣ ಏರುವುದಿಲ್ಲ. ಬಣ್ಣವಿಲ್ಲದ ಭಾಗ ಸರಳಿನ ಆಚೆಗೂ ಹೋಗಿದ್ದರೆ ಸರಳಿಗೆ ರಕ್ಷೆ ಉಳಿದಿಲ್ಲವೆಂದು ಅರ್ಥ. ಒಂದೆರಡು ಕಡೆ ಹೀಗಾಗಿದ್ದರೆ ದುರಸ್ತಿ. ಕಂಬ, ತೊಲೆಗಳಲ್ಲೆಲ್ಲ ಹೀಗೇ ಆಗಿ, ಸರಳು ಸವೆದಿದ್ದರೆ ಎಷ್ಟು ಸುರಿದರೂ ವ್ಯರ್ಥ; ಕೆಡಹುವುದೇ ಸರಿ. ಈ ಪರೀಕ್ಷೆಯ ಖರ್ಚು ಕೆಲಸದ ಖರ್ಚಿನ ಎದುರು ತೀರ ಅಲ್ಪ. ಇದಕ್ಕೆ ಜಿಪುಣತನ ತೋರಿಸಿ, ಶಿಲಾನ್ಯಾಸದ ಶಾಮಿಯಾನಕ್ಕೆ ಕೈಬಿಚ್ಚಿ ಖರ್ಚು ಮಾಡುವ ಪದ್ಧತಿ ಇನ್ನಾದರೂ ನಿಲ್ಲಬೇಕು.

ತೀರ್ಮಾನವನ್ನೇ ಮುಂದೂಡುವುದೂ ಒಂದು ತೀರ್ಮಾನವೇ, ಅದೂ ಅತ್ಯಂತ ಕೆಟ್ಟದ್ದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿ ಸಾಲಿನ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಮೃತಪಟ್ಟರು. ಅಲ್ಲಿಯೇ ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರ ಭಾಗ 2016ರ ಆಗಸ್ಟಿನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಉಳಿಸಬೇಕೇ, ಕೆಡಹಿ ಕಟ್ಟಬೇಕೇ ಎಂಬ ವಾದ ತಜ್ಞರ ಸಮಿತಿಗಳನ್ನೂ ದಾಟಿ ಹೈಕೋರ್ಟಿನವರೆಗೆ ಹೋಯಿತು. ವಾದಿಸುವವರು ವಾದಿಸುತ್ತಿರುವಾಗ ವ್ಯಾಪಾರಿಗಳ ಬದುಕು ಅತಂತ್ರವಾಗಿತ್ತು.

ಪರೀಕ್ಷೆಯ ಬಳಿಕ ರಸ್ತೆಯ ಕಡೆಗೆ ನೋಡಬೇಕು. ತಲಪಾಡಿಯಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66 ನಲ್ವತ್ತೈದು ಮೀಟರು ಅಗಲಕ್ಕೆ ಬೆಳೆದಾಗ ಮಂಜೇಶ್ವರ, ಉಪ್ಪಳ, ಕುಂಬಳೆಗಳ ಪೇಟೆಯ ಮುಖವೇ ಬದಲಾದುದನ್ನು ಎಲ್ಲರೂ ಕಂಡಿದ್ದಾರೆ. ಹೆದ್ದಾರಿಗೆ ತಾಗಿದ ಗಡಿಯಿಂದ 3 ಮೀಟರು ಬಿಟ್ಟೇ ಹೊಸ ಕಟ್ಟಡ ಕಟ್ಟಬೇಕೆಂಬುದು ಕೇರಳದ ನಿಯಮ. ಹಳೆಯ ಅಂಗಡಿ ರಸ್ತೆಗೆ ಒತ್ತಿಕೊಂಡೇ ಇರುತ್ತದೆ. ಕೆಡಹಿದ ಮರುದಿನ ಆ ಜಾಗ ಕಟ್ಟಲು ಸಿಗುವುದಿಲ್ಲ. ವಾಹನ ನಿಲುಗಡೆಗೆ, ಹಿಂದೆ ಮುಂದೆ ಬಿಡಬೇಕಾದುದಕ್ಕೆ ಜಾಗ ಕಳೆದರೆ ಹತ್ತು ಕೋಣೆಯಿದ್ದಲ್ಲಿ ನೆಲ ಅಂತಸ್ತಿನಲ್ಲಿ ಆರು ಉಳಿದರೂ ಪುಣ್ಯ. ಆದುದರಿಂದ ಕೆಡಹುವ ಮೊದಲೇ ನಕ್ಷೆ ಬರೆಸಿ, ಪಂಚಾಯತು ಅಥವಾ ನಗರಸಭೆಯ ಪರವಾನಗಿ ಕೈಗೆ ಬರಬೇಕು.

ಈಗ ಲೆಕ್ಕ. ತಿಳಿಯಲೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. ಹತ್ತು ಕೋಣೆ, ಒಂದಕ್ಕೆ ತಿಂಗಳಿಗೆ 6,000 ರೂಪಾಯಿ. ವರ್ಷಕ್ಕೆ 7 ಲಕ್ಷ 20 ಸಾವಿರ. ಕೆಡಹಿ ಕಟ್ಟಲು ಎರಡು ವರ್ಷ ಹಿಡಿದರೆ 14 ಲಕ್ಷ 40 ಸಾವಿರ ಬಾಡಿಗೆ ಹೋಯಿತು. ಒಂದು ಕೋಟಿ ಸಾಲವನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ತಂದರೆ ವರ್ಷಕ್ಕೆ ಬಡ್ಡಿಯೇ 10 ಲಕ್ಷ. ಹೊಸ ಕಟ್ಟಡದ ಹದಿನೈದು ಕೋಣೆಗೆ ತಲಾ 12,000ದಂತೆ 21 ಲಕ್ಷ 60 ಸಾವಿರ ಬರುವುದಾದರೆ, ಹಳೆಯದಕ್ಕಿಂತ ಹೆಚ್ಚಾದುದು 14 ಲಕ್ಷ 40 ಸಾವಿರ. ಅಷ್ಟನ್ನೂ ಸಾಲಕ್ಕೇ ಕಟ್ಟಿದರೂ ತೀರಲು ಹನ್ನೆರಡು ವರ್ಷ ದಾಟುತ್ತದೆ. ಮಹಡಿಯ ನಾಲ್ಕು ಕೋಣೆಗಳು ಖಾಲಿ ಬಿದ್ದರೆ ಹೆಚ್ಚುವರಿ ಆದಾಯ 8 ಲಕ್ಷ 64 ಸಾವಿರಕ್ಕೆ ಇಳಿಯುತ್ತದೆ, ಬಡ್ಡಿಗೂ ಸಾಲದು. ಮೇಲಿನ ಮಹಡಿಗೆ ಗಿರಾಕಿ ಹತ್ತುವುದಿಲ್ಲವೆಂಬುದು ಪೇಟೆಯಲ್ಲಿ ಕೂತ ಯಾವ ವ್ಯಾಪಾರಿಗೂ ತಿಳಿದ ವಿಷಯ. ಇನ್ನೊಂದು ಸೂಕ್ಷ್ಮವಿದೆ: ನೋಂದಾಯಿತ ಧಾರ್ಮಿಕ ಸಂಸ್ಥೆ ತನ್ನ ಆವರಣದ ಅಂಗಡಿಯನ್ನು ತಿಂಗಳಿಗೆ 10,000 ರೂಪಾಯಿಗಿಂತ ಕಡಿಮೆಗೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿಯುಂಟು. ಬಾಡಿಗೆ ಆ ಗೆರೆಗೆ ಮುಟ್ಟಿದರೆ ವಿನಾಯಿತಿ ಇಲ್ಲ. ನಕ್ಷೆ ಬರೆಸುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳುವುದು ಲೇಸು.

ಬಾಡಿಗೆದಾರರ ವಿಷಯ ಇದಕ್ಕಿಂತ ಮುಖ್ಯ. ಜಾತ್ರೆಗೆ ಹೊರೆಕಾಣಿಕೆ ತರುವವರೂ ಅವರೇ, ಅನ್ನದಾನಕ್ಕೆ ಬಡಿಸಲು ನಿಲ್ಲುವವರೂ ಅವರೇ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ, ಪುನರ್ನಿರ್ಮಾಣಕ್ಕೆಂದು ಬಾಡಿಗೆದಾರನನ್ನು ಎಬ್ಬಿಸಬೇಕಾದರೆ ಕಟ್ಟಡದ ಸ್ಥಿತಿ ಹಾಗಿರಬೇಕು, ನಕ್ಷೆ ಪರವಾನಗಿ ಇರಬೇಕು, ಕಟ್ಟುವ ಶಕ್ತಿ ಇರಬೇಕು, ಎಬ್ಬಿಸುವುದಕ್ಕಾಗಿಯೇ ಹೂಡಿದ ನೆಪವಾಗಿರಬಾರದು. ಹೊಸ ಕಟ್ಟಡದಲ್ಲಿ ನ್ಯಾಯವಾದ ಬಾಡಿಗೆಗೆ ಮೊದಲ ಅವಕಾಶವೂ ಅವನದೇ. ಕೆಲವು ಬಗೆಯ ಕಟ್ಟಡಗಳಿಗೆ ಸರಕಾರ ಈ ಕಾನೂನಿನಿಂದ ವಿನಾಯಿತಿ ಕೊಡಬಹುದಾದ್ದರಿಂದ ತಮ್ಮ ಕಟ್ಟಡದ ಮಟ್ಟಿಗೆ ಹೇಗೆಂದು ವಕೀಲರಲ್ಲಿ ವಿಚಾರಿಸಬೇಕು. ವಿನಾಯಿತಿ ಇದ್ದರೂ ಕಾನೂನು ಹೇಳುವಷ್ಟನ್ನು ದೇವರ ಹೆಸರಿನ ಸಂಸ್ಥೆ ತಾನಾಗಿ ಮಾಡದಿದ್ದರೆ ಹೇಗೆ? ಬಾಲಾಲಯವೆಂದು ಮೊದಲು ಹೇಳಿದ್ದು ಇದಕ್ಕೇ. ಸಾಲಿನ ಅರ್ಧವನ್ನು ಮೊದಲು ಕೆಡಹಿ, ಇನ್ನರ್ಧದಲ್ಲಿ ಒತ್ತಿಕೊಂಡು ಕೂರಿಸಬಹುದು. ದೇವಸ್ಥಾನದ ಹಿತ್ತಲಲ್ಲಿ ತಗಡಿನ ಮಾಡು ಹಾಕಿಕೊಡಬಹುದು. ಮರಳಿ ಕೊಡುವ ಕೋಣೆಯ ಅಳತೆ, ಬಾಡಿಗೆ, ಮುಂಗಡ ಹಣ ಇವೆಲ್ಲ ಬರಹದಲ್ಲಿರಲಿ. ಕರಾರು ಮಲಯಾಳದಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಪಡೆಯಬೇಕು.

“ದುಡ್ಡು ನಾವು ಹಾಕುತ್ತೇವೆ, ಮೂವತ್ತು ವರ್ಷ ನಮಗಿರಲಿ” ಎಂದು ಮುಂದೆ ಬರುವವರೂ ಉಂಟು. ಮಲಬಾರು ದೇವಸ್ವಂ ಮಂಡಳಿಯ ಅಧೀನದ ದೇವಸ್ಥಾನಗಳಿಗೆ ಅನ್ವಯಿಸುವ 1951ರ ಮದ್ರಾಸು ಕಾಯಿದೆಯಂತೆ, ಐದು ವರ್ಷ ಮೀರಿದ ಗುತ್ತಿಗೆಗೆ ಆಯುಕ್ತರ ಮಂಜೂರಾತಿ ಇಲ್ಲದಿದ್ದರೆ ಅದು ಅಸಿಂಧು. ಮೊಕ್ತೇಸರರು ಹತ್ತು ಜನರೆದುರು ಕೈಕುಲುಕಿ ಒಪ್ಪಿದರೂ ಅದು ನಿಲ್ಲುವುದಿಲ್ಲ.

ಪರಿಶೀಲನೆಗೆ ಆಟಿ ತಿಂಗಳಷ್ಟು ಒಳ್ಳೆಯ ಕಾಲವಿಲ್ಲ; ಸೋರುವ ಜಾಗ ತಾನೇ ತೋರಿಸಿಕೊಡುತ್ತದೆ. ನವರಾತ್ರಿಯೊಳಗೆ ವರದಿ ಕೈಗೆ ಬಂದರೆ, ದೀಪಾವಳಿಯಿಂದ ಪತ್ತನಾಜೆಯವರೆಗೆ ಬಿಸಿಲಿನ ತಿಂಗಳುಗಳು ಸಿಗುತ್ತವೆ. ಜಾತ್ರೆಯ ವ್ಯಾಪಾರವೂ ಅದೇ ತಿಂಗಳುಗಳಲ್ಲಿ ಬರುವುದರಿಂದ, ಆ ಒಂದು ವಾರ ಕೆಲಸ ನಿಲ್ಲಿಸಿ ಅಂಗಡಿಗಳ ಎದುರಿನ ಮರಳು, ಜಲ್ಲಿ ತೆಗೆಸಿಕೊಡಬೇಕೆಂದು ಗುತ್ತಿಗೆದಾರರ ಕರಾರಿನಲ್ಲಿಯೇ ಬರೆಸಿಡುವುದು ಒಳ್ಳೆಯದು.