ತಾರೀಖಿನ ಬೆಲೆ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಿಮ್ಮಲ್ಲಿ ಬಹುಮಂದಿ ವಯಸ್ಸಿನಲ್ಲಿಯೂ ಬೇಸಾಯದ ಅನುಭವದಲ್ಲಿಯೂ ನನಗಿಂತ ಹಿರಿಯರು. ಬೀಜ, ಗೊಬ್ಬರದ ವಿಚಾರವನ್ನು ನಾವು ಪ್ರತಿ ಸಭೆಯಲ್ಲಿಯೂ ಮಾತನಾಡುತ್ತೇವೆ. ಇಂದು ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿನ ವಿಚಾರವನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ರೈತನಿಗೆ ಕಾಲದ ಲೆಕ್ಕ ತಿಳಿಯದೆಂದು ಯಾರೂ ಹೇಳಲಾರರು. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂದವರು ನಮ್ಮ ಹಿರಿಯರೇ. ಯಾವ ವರ್ಷ ಆರಿದ್ರ ಕೈಕೊಟ್ಟಿತು, ಯಾವ ವರ್ಷ ಕೆರೆ ಕೋಡಿ ಬಿತ್ತು ಎಂಬುದನ್ನು ಜಗಳೂರಿನ ಕಡೆಯ ಮುದುಕರು ಈಗಲೂ ಬಾಯಿಯಲ್ಲೇ ಹೇಳಬಲ್ಲರು. ಆದರೆ ಕಚೇರಿ ಮಳೆಯ ಹೆಸರನ್ನು ಕೇಳುವುದಿಲ್ಲ, ತಾರೀಖನ್ನು ಕೇಳುತ್ತದೆ. ಒಂದು ತಾರೀಖಿನಿಂದ ರೈತನ ಬಾಳು ಹೇಗೆ ತಿರುಗಬಲ್ಲುದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳುಂಟು.

ಮೊದಲು ದೂರದ ದೇಶಗಳನ್ನು ನೋಡೋಣ. ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ರಾತ್ರಿ ಅಲ್ಲಿನ ರಾಷ್ಟ್ರೀಯ ಸಭೆ ಸೇರಿ, ಜಮೀನ್ದಾರರಿಗಿದ್ದ ಹಳೆಯ ಹಕ್ಕುಗಳನ್ನು ರದ್ದುಮಾಡುವುದಾಗಿ ಸಾರಿತು. ಆದರೆ ಎಷ್ಟೋ ಸಲ್ಲಿಕೆಗಳಿಂದ ಬಿಡುಗಡೆ ಬೇಕಾದರೆ ರೈತನೇ ಹಣ ಕಟ್ಟಬೇಕೆಂದು ಆಮೇಲೆ ಗೊತ್ತಾಯಿತು. ಆ ಹಣವೂ ಬೇಡವೆಂಬ ಕಾನೂನು ಬಂದದ್ದು 1793ರ ಜುಲೈ 17ರಂದು. ರಷ್ಯದಲ್ಲಿ ಈಗಿನ ಕ್ಯಾಲೆಂಡರಿನ ಪ್ರಕಾರ 1861ರ ಮಾರ್ಚಿ 3ನೆಯ ತಾರೀಖು, ಒಡೆಯರ ಸೊತ್ತಿನಂತೆ ಬಾಳುತ್ತಿದ್ದ ಎರಡು ಕೋಟಿಗೂ ಹೆಚ್ಚು ರೈತ ಜನರಿಗೆ ಬಿಡುಗಡೆಯೆಂದು ಅಲ್ಲಿನ ಚಕ್ರವರ್ತಿ ಸಾರಿದನು. ಅಲ್ಲಿಯೂ ನೆಲಕ್ಕಾಗಿ 49 ವರ್ಷ ಕಂತು ಕಟ್ಟಬೇಕೆಂಬ ಕಟ್ಟಳೆ ಬಂತು. ಆ ಕಂತುಗಳು ನಿಂತದ್ದು 1907ರಲ್ಲಿ. ಸಾರಿದ ತಾರೀಖು ಒಂದು, ಫಲ ಕೈಗೆ ಬಂದ ತಾರೀಖು ಇನ್ನೊಂದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ನಮ್ಮ ನೆರೆಗೆ ಬರೋಣ. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಗಳು ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬ ಊರು. ಅಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಮೇಲೆ ಜಗಳ ಹುಟ್ಟಿತು. ಒಡೆಯರ ಕೊಳಗ ಸರಿಯಾದ ಅಳತೆಗಿಂತ ದೊಡ್ಡದೆಂದು ಗೇಣಿದಾರರು ತಕರಾರು ಮಾಡಿದರು. ಹೆಚ್. ಗಣಪತಿಯಪ್ಪನವರು ಅವರನ್ನು ಒಗ್ಗೂಡಿಸಿದರು. ಉಳುಮೆಗೆ ಅಡ್ಡಿಯಾದಾಗ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ತಾವು ಉಳುತ್ತಿದ್ದ ಗದ್ದೆಗೆ ತಾವೇ ಇಳಿದು ಸೆರೆಮನೆಗೆ ಹೋದರು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದರು.

ಆಶ್ಚರ್ಯವೇನೆಂದರೆ, ಅದೇ 1951ರ ಅದೇ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರ ಮುಂದೆ ಭೂಮಿಯಿಲ್ಲದ ಹರಿಜನರು ನಿಂತು 80 ಎಕರೆ ನೆಲ ಕೇಳಿದರು. ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದು 100 ಎಕರೆ ಕೊಡುವೆನೆಂದರು. ಭೂದಾನ ಚಳವಳಿ ಅಲ್ಲಿಂದ ಮೊದಲಾಯಿತು. ಒಂದೇ ದಿನ ಒಂದೂರಿನಲ್ಲಿ ನೆಲವನ್ನು ದಾನವಾಗಿ ಕೇಳಿದರು, ಇನ್ನೊಂದೂರಿನಲ್ಲಿ ಹಕ್ಕಾಗಿ ಕೇಳಿದರು. ಇವರ ಸುದ್ದಿ ಅವರಿಗಿರಲಿಲ್ಲ, ಆದರೂ ಎರಡೂ ಕಡೆ ಬೇಕಾಗಿದ್ದುದು ನೆಲವೇ.

ಕಾಗೋಡಿನವರು ಕೇಳಿದ ನ್ಯಾಯ ಮರುದಿನವೇ ಸಿಕ್ಕಲಿಲ್ಲ. ಭೂಸುಧಾರಣೆಯ ಕಾನೂನು 1961ರಲ್ಲಿ ಆಯಿತು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ದೇವರಾಜ ಅರಸು ಅವರ ಸರ್ಕಾರ ಅದನ್ನು ಬಲವಾಗಿ ತಿದ್ದಿತು. ಆ ತಿದ್ದುಪಡಿಯಂತೆ 1974ರ ಮಾರ್ಚಿ 1ರಂದು ಗೇಣಿಯ ನೆಲ ಸರ್ಕಾರದ ವಶಕ್ಕೆ ಬಂದು, ಉಳುವವನು ಅದರ ಹಕ್ಕನ್ನು ಕೇಳಲು ದಾರಿಯಾಯಿತು. ಕಾಗೋಡಿನಿಂದ ಅಲ್ಲಿಗೆ ಸುಮಾರು 23 ವರ್ಷ.

ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಹಕ್ಕು ಬೇಕಾದವರು 7ನೆಯ ನಮೂನೆಯ ಅರ್ಜಿ ಕೊಡಬೇಕಾಗಿತ್ತು. ಅದರ ಗಡುವು ಕೊನೆಗೆ 1979ರ ಜೂನ್ 30ಕ್ಕೆ ಮುಗಿಯಿತು. ಭೂನ್ಯಾಯ ಮಂಡಳಿಯವರು ತೀರ್ಮಾನಿಸಬೇಕಾಗಿದ್ದುದು ಒಂದು ಪ್ರಶ್ನೆಯನ್ನು: 1974ರ ಮಾರ್ಚಿ 1ಕ್ಕೆ ಮುಂಚೆ ಈ ನೆಲವನ್ನು ಗೇಣಿದಾರನಾಗಿ ಉಳುತ್ತಿದ್ದವರು ಯಾರು? ಪಹಣಿಯಲ್ಲಿ ಹೆಸರಿದ್ದವನಿಗೆ, ಗೇಣಿ ಕೊಟ್ಟ ರಸೀದಿ ಜೋಪಾನ ಮಾಡಿದ್ದವನಿಗೆ ಉತ್ತರ ಸುಲಭ. ಬಾಯಿಮಾತಿನಲ್ಲಿ ಗೇಣಿಗೆ ನಿಂತು ಬಾಯಿಮಾತಿನಲ್ಲಿಯೇ ಭತ್ತ ಅಳೆದುಕೊಟ್ಟವನಿಗೆ ಕಷ್ಟ. ಇಬ್ಬರೂ ಒಂದೇ ಕೆಸರು ತುಳಿದವರು, ಆದರೆ ಒಬ್ಬನ ಕೈಯಲ್ಲಿ ತಾರೀಖು ಬರೆದ ಚೀಟಿಯಿತ್ತು.

ಬಂಧುಗಳೆ, ಆ ಕಾಲ ಕಳೆಯಿತು, ನಮಗೇಕೆ ಅದರ ಮಾತು ಎನ್ನಬೇಡಿ. ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆ ಆಲಿಕಲ್ಲಿಗೆ ಸಿಕ್ಕಿದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವುಂಟು. ಮೃಗಶಿರ ಮಳೆಯಲ್ಲಿ ಹಾಳಾಯಿತೆಂದರೆ ಅಲ್ಲಿ ನಡೆಯುವುದಿಲ್ಲ. ಸಾಲ ತೀರಿಸಿದ ರಸೀದಿ, ಅಣ್ಣತಮ್ಮಂದಿರ ಪಾಲುಪಟ್ಟಿ, ಖಾತೆ ಬದಲಾವಣೆಯ ನೋಟೀಸು, ಎಲ್ಲದಕ್ಕೂ ತಾರೀಖೇ ಜೀವ.

ಆದುದರಿಂದ ಮೂರು ಕೆಲಸ ಮಾಡಿ. ಒಂದು, ವರ್ಷಕ್ಕೊಮ್ಮೆಯಾದರೂ ಪಹಣಿ ತೆಗೆಸಿ, ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಇವನ್ನು ಓದಿಸಿ ಕೇಳಿ. ತಪ್ಪು ಕಂಡರೆ ಆಗಲೇ ಅರ್ಜಿ ಕೊಟ್ಟು, ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಎರಡು, ಮನೆಯಲ್ಲಿ ಒಂದು ನೋಟುಬುಕ್ಕು ಇಡಿ. ಬಿತ್ತಿದ ದಿನ, ಗೊಬ್ಬರ ತಂದ ದಿನ, ಮಳೆ ಬಿದ್ದ ದಿನ, ಮಾಲು ಮಾರಿದ ದಿನ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳು ಬರೆಯಲಿ. ಅವಳಿಗೂ ಲೆಕ್ಕ ಬರುತ್ತದೆ, ಮನೆಯ ವ್ಯವಹಾರವೂ ತಿಳಿಯುತ್ತದೆ. ಮೂರು, ಹಳೆಯ ಕಾಗದಗಳನ್ನು ಇಲಿ, ಗೆದ್ದಲು ಮುಟ್ಟದಂತೆ ತಗಡಿನ ಪೆಟ್ಟಿಗೆಯಲ್ಲಿಡಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಹಿಂದಿನ ಕಾಗದಗಳಲ್ಲಿ ಚನ್ನಗಿರಿ, ಹೊನ್ನಾಳಿಯವರಿಗೆ ಶಿವಮೊಗ್ಗ ಜಿಲ್ಲೆಯೆಂದೂ ಜಗಳೂರಿನವರಿಗೆ ಚಿತ್ರದುರ್ಗ ಜಿಲ್ಲೆಯೆಂದೂ ಇರುತ್ತದೆ. ನ್ಯಾಮತಿಯವರ ಹಳೆಯ ಕಾಗದದಲ್ಲಿ ತಾಲ್ಲೂಕು ಹೊನ್ನಾಳಿಯೆಂದಿರುತ್ತದೆ. ಜಿಲ್ಲೆಯ ಹೆಸರು ಬೇರೆಯಿದೆಯೆಂದು ಅವನ್ನು ಒಲೆಗೆ ಹಾಕಬೇಡಿ.

ಕಾಗೋಡಿನ ರೈತರು 1951ರಲ್ಲಿ ಗದ್ದೆಗಿಳಿದಾಗ ತಾವು ಚರಿತ್ರೆ ಮಾಡುತ್ತಿದ್ದೇವೆಂದು ಎಣಿಸಿರಲಾರರು. ಅಳತೆ ಸರಿಯಾಗಿರಲಿ ಎಂದಷ್ಟೇ ಕೇಳಿದರು. ಅಳತೆ ಸರಿಯಾಗಬೇಕಾದರೆ ಲೆಕ್ಕವೂ ನಮ್ಮಲ್ಲಿರಬೇಕು. ಇಂದು ಮನೆಗೆ ಹೋದವರು ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಇಂದಿನ ತಾರೀಖನ್ನು ಬರೆಯಿರಿ. ಮುಂದಿನ ಸಾರಿ ನಿಮ್ಮೂರಿಗೆ ಬಂದಾಗ ಅದನ್ನು ನನಗೆ ತೋರಿಸಿ.