ಕಡಲಿಲ್ಲದ ಕರಾವಳಿಯವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಮೂರೂ ತಾಲೂಕುಗಳಿಗೆ ಕಡಲ ದಡವಿಲ್ಲ. ಆದರೂ ನಾವು ಕರಾವಳಿಯವರೇ! ಈ ಮೂರೂ ಊರುಗಳ ನಾವು ಗೆಳೆಯರು ಒಂದು ಭಾನುವಾರ ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟೆವು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಸಲೀಸಾಗಿ ಬೈಕ್ ಓಡಿಸುವ ಬೆಳ್ತಂಗಡಿಯವನು ಮೊದಲ ಅಲೆಗೇ ದೋಣಿಯ ಅಂಚನ್ನು ಬಿಗಿಹಿಡಿದ.

ದ್ವೀಪದಲ್ಲಿ ಲಾವಾರಸ ತಣಿದು, ಕುಗ್ಗಿ, ಸೀಳಿದ ಕಲ್ಲುಕಂಬಗಳು. ಉಳಿ ಮುಟ್ಟದ ಕಂಬಗಳು. ‘ನಮ್ಮ ಸಾವಿರ ಕಂಬದ ಬಸದಿ ಇದಕ್ಕಿಂತ ನಯ ಮಾರಾಯ’ ಎಂದ ಮೂಡುಬಿದಿರೆಯವನು. ನಕ್ಕೆವು. ಆಮೇಲೆ ನೆನಪಾಯಿತು: ಆ 15ನೆಯ ಶತಮಾನದ ಬಸದಿಯ ಪೀಠದ ಕಲ್ಲಿನಲ್ಲಿ ಜಿರಾಫೆಯಿದೆ, ಚೀನಾದ ಡ್ರ್ಯಾಗನ್ ಇದೆ. ಜಿರಾಫೆ ಘಟ್ಟ ಇಳಿದು ಬಂದದ್ದಲ್ಲವಲ್ಲ! ಅದರ ಸುದ್ದಿ ಹಡಗಿನ ವ್ಯಾಪಾರದ ಜೊತೆ ಬಂದಿರಬೇಕು.

ನಮ್ಮ ಬಂಟ್ವಾಳದ ಕಥೆಯೂ ಅಷ್ಟೆ. ಘಟ್ಟದ ಮೇಲಿನ ಕಾಫಿ ಎತ್ತಿನ ಗಾಡಿಯಲ್ಲಿ ಬಂಟ್ವಾಳಕ್ಕೆ ಬಂದು, ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರಿನ ಬಂದರು ಸೇರುತ್ತಿತ್ತು. ಪೇಟೆ ಬೆಳೆದದ್ದು ಆ ನದಿಯಿಂದ. 1974ರ ನೆರೆಯಲ್ಲಿ ಮುಳುಗಿದ್ದೂ ಅದೇ ನದಿಯಲ್ಲಿ. ಈಗ ಬಂಟ್ವಾಳದವರು ಹೊಳೆಯ ಕಡೆ ನೋಡುವುದು ಮಳೆಗಾಲದಲ್ಲಿ ಮಾತ್ರ, ನೀರು ಎಷ್ಟು ಏರಿತು ಎಂದು.

ಮರಳುವಾಗ ಬೆಳ್ತಂಗಡಿಯವನು ಅಂಚು ಬಿಟ್ಟು ಕೈಯನ್ನು ನೀರಿಗಿಳಿಸಿದ. ‘ನಮ್ಮ ಮನೆ ಹಿಂದಿನ ತೋಡೂ ಕೊನೆಗೆ ಇಲ್ಲಿಗೇ ಬರುತ್ತದಲ್ಲ’ ಎಂದು ಬೆರಳಿನ ಉಪ್ಪು ನೆಕ್ಕಿ ಮುಖ ಸಿಂಡರಿಸಿದ.