ಮನೆಯ ಏಟು, ಆಟದ ಬಯಲಿನ ಜಗಳ

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಕ್ಕಳಿಗೆ ಶಿಸ್ತು ಕಲಿಸುವ ಮಾತು ಬಂದಾಗಲೆಲ್ಲ ಹಿರಿಯರು ಯಾರಾದರೊಬ್ಬರು, ದಂಡಕ್ಕೆ ಹತ್ತು ಗುಣಗಳಿವೆ ಎನ್ನುವ ಸಂಸ್ಕೃತ ಸುಭಾಷಿತವನ್ನು ನೆನಪಿಸುವುದುಂಟು. ಆ ಶ್ಲೋಕವನ್ನು ಪೂರ್ತಿ ಓದಿದವರು ಕಡಿಮೆ. ಕೋಲು ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆಂದು ಅದು ಪಟ್ಟಿ ಕೊಡುತ್ತದೆ: ಹಕ್ಕಿ, ನಾಯಿ, ಶತ್ರು, ಹಾವು, ದನಕರು, ಕೆಸರು, ನೀರು, ಕುರುಡು, ಕತ್ತಲೆ, ಮುಪ್ಪು. ಮಕ್ಕಳ ಹೆಸರು ಅಲ್ಲಿಲ್ಲ. ದಾರಿಹೋಕನ ಊರುಗೋಲನ್ನು ಹೊಗಳುವ ಮಾತನ್ನು ನಾವು ಮಕ್ಕಳ ಬೆನ್ನಿಗೆ ಅನ್ವಯಿಸಿಕೊಂಡಿದ್ದೇವೆ. (ಐದು ವರ್ಷ ಮುದ್ದು, ಮುಂದೆ ಹತ್ತು ವರ್ಷ ಏಟು ಎನ್ನುವ ಶ್ಲೋಕವೊಂದು ಚಾಣಕ್ಯನ ಹೆಸರಿನಲ್ಲಿ ಬೇರೆ ಇದೆ. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ.)

ಏಟು ತಿಂದ ಮಗು ಮನೆಯಲ್ಲಿ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಏಟು ಫಲ ಕೊಟ್ಟಿತೆಂದು ತಂದೆತಾಯಿ ತಿಳಿಯುವುದು ಇದರಿಂದಲೇ. ಓರಗೆಯ ಮಕ್ಕಳ ನಡುವೆ ಅದೇ ಮಗು ಹೇಗಿರುತ್ತದೆಂಬುದು ಅವರ ಕಣ್ಣಿಗೆ ಬೀಳುವುದು ಅಪರೂಪ. ದೂರು ಬಂದಾಗ "ನಮ್ಮನೇಲಿ ಬಾಯೇ ಬಿಡೋಲ್ಲ, ಮೇಷ್ಟ್ರೇ" ಎಂದು ಅವರು ಅಚ್ಚರಿಪಡುವುದು ನಟನೆಯಲ್ಲ.

ಮಗು ಕಂಡದ್ದನ್ನು ಕಲಿಯುತ್ತದೆ ಎಂಬುದು ಹೊಸ ವಿಚಾರವೇನಲ್ಲ. 1961ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಗಾಳಿ ತುಂಬಿದ ದೊಡ್ಡ ಬೊಂಬೆಯನ್ನು ದೊಡ್ಡವರು ಗುದ್ದುವುದನ್ನು ನೋಡಿದ ಮಕ್ಕಳು ತಾವೂ ಹಾಗೆಯೇ ಗುದ್ದಿದವು, ದೊಡ್ಡವರು ಆಡಿದ ಮಾತುಗಳನ್ನೂ ಆಡಿದವು. ಆದರೆ ಇಂದಿನ ವಿಷಯ ಅನುಕರಣೆಗೇ ಮುಗಿಯುವುದಿಲ್ಲ. ಏಟು ತಿಂದ ಮಗು ಇತರರನ್ನು ಅರ್ಥಮಾಡಿಕೊಳ್ಳುವ ರೀತಿಯೇ ಬದಲಾಗುತ್ತದೆ. ಇದು ಹೆಚ್ಚು ಗಂಭೀರವಾದ ಸಂಗತಿ.

ಶಾಲೆಯ ನಲ್ಲಿಯ ಮುಂದೆ ಮಕ್ಕಳು ಸಾಲುಗಟ್ಟಿವೆ ಎಂದುಕೊಳ್ಳಿ. ಹಿಂದಿನಿಂದ ಯಾರದೋ ಮೊಣಕೈ ತಗಲಿ ಒಬ್ಬನ ಊಟದ ಡಬ್ಬಿ ಕೆಳಗೆ ಬಿತ್ತು. ಬೇಕೆಂದೇ ತಳ್ಳಿದನೇ, ಇಲ್ಲ ತಿಳಿಯದೆ ತಗಲಿತೇ? ಒಂದು ಮಗು ಹಿಂದೆ ತಿರುಗಿ ತಳ್ಳಿದವನ ಮುಖ ನೋಡುತ್ತದೆ. ಇನ್ನೊಂದು ಮುಖ ನೋಡುವ ಮೊದಲೇ ಕೈ ಎತ್ತಿರುತ್ತದೆ.

ಈ ವ್ಯತ್ಯಾಸವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಡಾಜ್, ಜಾನ್ ಬೇಟ್ಸ್ ಮತ್ತು ಗ್ರೆಗರಿ ಪೆಟಿಟ್ 309 ಮಕ್ಕಳಲ್ಲಿ ಪರಿಶೀಲಿಸಿದರು. ವರದಿ 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲು ತಾಯಂದಿರನ್ನು ಮಾತನಾಡಿಸಿ ಮನೆಯ ಶಿಕ್ಷೆಯ ಬಗ್ಗೆ ತಿಳಿದುಕೊಂಡರು. ಮಕ್ಕಳಿಗೆ ಇಂಥದೇ ಚಿಕ್ಕ ಪ್ರಸಂಗಗಳನ್ನು ಕೊಟ್ಟು ಅವರ ಉತ್ತರ ಪಡೆದರು. ಆಮೇಲೆ ಅದೇ ಮಕ್ಕಳ ಶಾಲೆಯ ವರ್ತನೆಯನ್ನು ಗಮನಿಸಿದರು. ಮನೆಯಲ್ಲಿ ತೀವ್ರವಾಗಿ ದಂಡನೆಗೊಳಗಾದ ಮಕ್ಕಳು ಎದುರಿನವರ ಇಂಗಿತವನ್ನು ಸರಿಯಾಗಿ ಗಮನಿಸದೆ, ಕೇಡಿನ ಉದ್ದೇಶವನ್ನೇ ಹೆಚ್ಚಾಗಿ ಊಹಿಸುತ್ತಿದ್ದರು. ಜಗಳವಿಲ್ಲದೆ ಬಗೆಹರಿಸುವ ಉಪಾಯಗಳು ಅವರಿಗೆ ಸುಲಭವಾಗಿ ಹೊಳೆಯುತ್ತಿರಲಿಲ್ಲ. ಕುಟುಂಬದ ಪರಿಸ್ಥಿತಿ, ಮಗುವಿನ ಹುಟ್ಟುಗುಣ ಇತ್ಯಾದಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಸಂಬಂಧ ಅಳಿಯಲಿಲ್ಲ.

ಇದು ಹೀಗೇಕೆ? ನನಗೆ ತೋರುವುದಿಷ್ಟು. ಏಟು ಬೀಳುವ ಮನೆಯಲ್ಲಿ ಮಗು ಸದಾ ಕಾವಲು ಕಾಯುತ್ತಿರುತ್ತದೆ. ಅಪ್ಪ ಚಪ್ಪಲಿ ಬಿಡುವ ಸದ್ದಿನಲ್ಲೇ ಅಂದಿನ ಹವಾಮಾನ ಅದಕ್ಕೆ ತಿಳಿಯಬೇಕು. ಅಪಾಯವನ್ನು ಮೊದಲೇ ಊಹಿಸಿದರೆ ಬೆನ್ನು ಉಳಿಯುತ್ತದೆ. ಹತ್ತು ಸಲ ತಪ್ಪಾಗಿ ಊಹಿಸಿದರೂ ನಷ್ಟವಿಲ್ಲ. ಮನೆಯೊಳಗೆ ಇದು ಜಾಣತನವೇ ಸರಿ. ಅದೇ ಜಾಣತನವನ್ನು ಗೋಲಿಯಾಟಕ್ಕೆ ಒಯ್ದರೆ ತಪ್ಪಿದ ಪ್ರತಿ ಊಹೆಗೂ ಒಬ್ಬ ಗೆಳೆಯ ದೂರವಾಗುತ್ತಾನೆ. "ಅವನ್ನ ಸೇರಿಸ್ಕೋಬೇಡ್ರೋ" ಎಂದು ಉಳಿದವರು ತೀರ್ಮಾನಿಸುತ್ತಾರೆ. ಎಲ್ಲರೂ ತನಗೆ ವಿರೋಧ ಎಂಬ ಅವನ ಅನುಮಾನ ಆಗ ನಿಜವೇ ಆಗಿಬಿಡುತ್ತದೆ.

ಇನ್ನೊಂದು ವಿಷಯ. ಹೊಡೆಯುವ ಹುಡುಗರೇ ಬೇರೆ, ಹೊಡೆಸಿಕೊಳ್ಳುವವರೇ ಬೇರೆ ಎಂದು ನಾವು ಭಾವಿಸುತ್ತೇವೆ. ಇವೆರಡೂ ಆಗಿರುವ, ಕೆಣಕಿದರೆ ಸಾಕು ಉರಿದೇಳುವ, ಅದಕ್ಕಾಗಿಯೇ ಎಲ್ಲರೂ ಕೆಣಕುವ ಹುಡುಗರೂ ಇದ್ದಾರೆ. ಡೇವಿಡ್ ಶ್ವಾರ್ಟ್ಸ್ ಮತ್ತು ಸಂಗಡಿಗರ 1997ರ ಅಧ್ಯಯನದಲ್ಲಿ, ಎಳವೆಯಲ್ಲಿ ಮನೆಯವರಿಂದ ಕಠೋರವಾಗಿ ನಡೆಸಿಕೊಂಡವರು ಹೆಚ್ಚಾಗಿ ಕಂಡುಬಂದದ್ದು ಈ ಗುಂಪಿನಲ್ಲಿ. ಪ್ರತಿಭಟಿಸದೆ ಏಟು ತಿನ್ನುವ ಹುಡುಗರ ಮನೆಗಳಲ್ಲಿ ಅಂಥ ವ್ಯತ್ಯಾಸವಿರಲಿಲ್ಲ.

ಏಟು ತಿಂದ ಎಲ್ಲ ಮಕ್ಕಳೂ ಹೀಗಾಗುತ್ತಾರೆಂದು ಯಾರೂ ಹೇಳಿಲ್ಲ. "ನಾವೂ ತಿಂದವರೇ, ಚೆನ್ನಾಗಿಲ್ಲವೇ?" ಎನ್ನುವವರು ಈ ಸಭೆಯಲ್ಲೂ ಇರಬಹುದು. ಅವರ ವಾದದ ಇನ್ನೊಂದು ಮುಖ ಹೆಚ್ಚು ಬಲವಾದದ್ದು: ಎಲ್ಲ ಮನೆಗಳಲ್ಲೂ ಏಟು ವಾಡಿಕೆಯಾಗಿರುವ ನಾಡಿನಲ್ಲಿ ಮಗು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂಬುದು. ಇದನ್ನೂ ಪರೀಕ್ಷಿಸಿದ್ದಾರೆ. ಜೆನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು ಭಾರತ, ಚೀನಾ, ಇಟಲಿ, ಕೀನ್ಯಾ, ಫಿಲಿಪೀನ್ಸ್, ಥಾಯ್ಲೆಂಡ್‌ಗಳ 336 ತಾಯಿ-ಮಕ್ಕಳ ಜೋಡಿಗಳನ್ನು ಅಧ್ಯಯನ ಮಾಡಿ 2005ರಲ್ಲಿ ವರದಿ ಮಾಡಿದರು. ಏಟು ವಾಡಿಕೆಯಾಗಿರುವಲ್ಲಿ ಅದರ ಪರಿಣಾಮ ಸ್ವಲ್ಪ ತಗ್ಗಿತ್ತು, ಆ ಮಾತು ನಿಜ. ಆದರೆ ಪೂರ್ತಿ ಮಾಯವಾಗಿರಲಿಲ್ಲ. ಹೆಚ್ಚು ಏಟು ತಿಂದ ಮಕ್ಕಳಲ್ಲಿ ಆಕ್ರಮಣಶೀಲತೆಯೂ ಆತಂಕವೂ ಅಲ್ಲಿಯೂ ಹೆಚ್ಚಾಗಿಯೇ ಇದ್ದವು.

ಕಾನೂನಿನ ಮಾತು ಚಿಕ್ಕದು. ಸ್ವೀಡನ್ 1979ರಲ್ಲೇ ಮನೆಯ ಏಟನ್ನೂ ನಿಷೇಧಿಸಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಶಾಲೆಯ ಬೆತ್ತವನ್ನಷ್ಟೇ ತಡೆಯುತ್ತದೆ, ಮನೆಯ ಹೊಸ್ತಿಲು ದಾಟುವುದಿಲ್ಲ.

ಹಾಗಾದರೆ ಕೆಟ್ಟ ಊಹೆಯ ಅಭ್ಯಾಸ ಒಮ್ಮೆ ಹತ್ತಿದರೆ ಬಿಡುವುದಿಲ್ಲವೇ? ಬಿಡಿಸಬಹುದು. ಅಮೆರಿಕದಲ್ಲಿ ಸಿಂಥಿಯಾ ಹಡ್ಲಿ ಮತ್ತು ಸಾಂಡ್ರಾ ಗ್ರಹಾಂ ಜಗಳಗಂಟರೆನಿಸಿದ ಹುಡುಗರಿಗೆ ಕೆಲವು ಪಾಠಗಳನ್ನು ರೂಪಿಸಿದರು. 1993ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹುಡುಗರು ಅಲ್ಲಿ ಕಲಿತದ್ದು ಬಲು ಸಾಮಾನ್ಯವಾದ ವಿದ್ಯೆ: ಎದುರಿನವನ ಮುಖ, ದನಿ ಗಮನಿಸುವುದು, ಬೇಕೆಂದು ಮಾಡಿದ್ದಕ್ಕೂ ತಿಳಿಯದೆ ಆದದ್ದಕ್ಕೂ ಇರುವ ಭೇದ ಹುಡುಕುವುದು, ತಿಳಿಯದಿದ್ದಾಗ ಆಕಸ್ಮಿಕ ಎಂದೇ ಭಾವಿಸಿ ನಡೆಯುವುದು. ಪಾಠ ಮುಗಿದ ಮೇಲೆ ಅವರ ಜಗಳಗಂಟತನ ತಗ್ಗಿದ್ದನ್ನು ಉಪಾಧ್ಯಾಯರು ಗುರುತಿಸಿದರು. ಮನೆಯಲ್ಲಿ ಹಾಲಿನ ಲೋಟ ಉರುಳಿದಾಗ, ಕೈ ಎತ್ತುವ ಮೊದಲು "ಹೇಗೆ ಬಿತ್ತು ಮಗಾ?" ಎಂದು ಕೇಳುವ ತಾಯಿ ಕಲಿಸುತ್ತಿರುವುದು ಇದೇ ಪಾಠವನ್ನು.